ಬೈಕ್ ಎಳೆಯುವ ಪುಟ್ಟ ಕ್ಯಾಂಪರಿಗೆ ಬ್ಯಾಟರಿ: ಲೆಕ್ಕ, ಜೋಡಣೆ, ಚಾರ್ಜಿಂಗ್

ಅಮೆರಿಕದ ವರ್ಜೀನಿಯಾ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಬೆಟ್ಟಸಾಲಿನ ನೆತ್ತಿಯ ಮೇಲೆ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್ ಸಾಗುವ ಬ್ಲೂ ರಿಜ್ ಪಾರ್ಕ್‌ವೇ ರಸ್ತೆಯಲ್ಲಿ, ಬೈಕಿನ ಹಿಂದೆ ಪುಟ್ಟ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಹೋಗುವವರನ್ನು ಬೇಸಿಗೆಯಲ್ಲಿ ಕಾಣಬಹುದು. ಮುಚ್ಚಿದಾಗ ದೊಡ್ಡ ಪೆಟ್ಟಿಗೆಯಂತಿರುವ ಈ ಗಾಡಿಯ ಮುಚ್ಚಳ ಬಿಚ್ಚಿದರೆ ಇಬ್ಬರು ಮಲಗುವಷ್ಟು ಹಾಸಿಗೆ, ಅದರ ಮೇಲೆ ಗುಡಾರ ಎದ್ದು ನಿಲ್ಲುತ್ತದೆ. ಆದರೆ ಪಾರ್ಕ್‌ವೇಯ ಸರ್ಕಾರಿ ಕ್ಯಾಂಪ್ ಜಾಗಗಳಲ್ಲಿ ಪ್ಲಗ್ ಚುಚ್ಚುವುದಕ್ಕೆ ವಿದ್ಯುತ್ ಸಂಪರ್ಕವಿಲ್ಲ. ರಾತ್ರಿ ದೀಪ ಹತ್ತಬೇಕು, ಫೋನು ತುಂಬಬೇಕು, ಸೆಕೆಯಿದ್ದರೆ ಸಣ್ಣ ಫ್ಯಾನ್ ತಿರುಗಬೇಕು ಎಂದರೆ ಗಾಡಿಯಲ್ಲೇ ಒಂದು ಬ್ಯಾಟರಿ ಇರಬೇಕು. ಮರುದಿನ ಬೈಕ್ ಓಡುವಾಗ ಅದು ಮತ್ತೆ ತುಂಬಿಕೊಳ್ಳಬೇಕು.

ಈ ಕೆಲಸಕ್ಕೆ ಕೈಹಾಕುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು. ನನ್ನ ಅನುಭವದಲ್ಲಿ ಆ ಪ್ರಶ್ನೆ ಎರಡನೆಯದು. ರಾತ್ರಿ ಖರ್ಚಾದದ್ದು ಮರುದಿನದ ಸವಾರಿಯಲ್ಲಿ ಪೂರ್ತಿ ವಾಪಸು ಬರುತ್ತದೆಯೇ ಎಂಬುದೇ ಮೊದಲನೆಯದು. ವಾಪಸು ಬರುವುದಾದರೆ ಎರಡು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಬ್ಯಾಟರಿ ತಿಂಗಳುಗಟ್ಟಲೆ ಸಾಲುತ್ತದೆ. ಬಾರದಿದ್ದರೆ ಎಂಥ ದೊಡ್ಡ ಬ್ಯಾಟರಿಯೂ ನಾಲ್ಕನೆಯ ರಾತ್ರಿಗೆ ಬರಿದಾಗಿರುತ್ತದೆ. ಹೊತ್ತು ಸಾಗಿಸುವ ಒಂದೊಂದು ಕಿಲೋ ತೂಕವೂ ಬ್ರೇಕಿನ ಮೇಲೆ, ತಿರುವಿನಲ್ಲಿ ಬೈಕಿನ ನಡೆಯ ಮೇಲೆ ಬೀಳುವುದರಿಂದ ಕಾರಿನ ಕ್ಯಾಂಪರಿನವರ ಹಾಗೆ ಇರಲಿ ಎಂದು ದೊಡ್ಡದನ್ನೇ ಕೊಳ್ಳುವ ಸ್ವಾತಂತ್ರ್ಯ ನಮಗಿಲ್ಲ. ಕರ್ನಾಟಕದಲ್ಲಿ ಬೈಕಿಗೆ ಟ್ರೇಲರ್ ಕಟ್ಟುವುದು ಅಪರೂಪವಾದರೂ, ಪಕ್ಕದ ಪೆಟ್ಟಿಗೆಯಲ್ಲಿ ಗುಡಾರ ಮತ್ತು ಸಣ್ಣ ಬ್ಯಾಟರಿ ಇಟ್ಟುಕೊಂಡು ಘಟ್ಟ ಸುತ್ತುವವರಿಗೂ ಮುಂದಿನ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ.

ಮೊದಲ ಹಂತ: ಒಂದು ರಾತ್ರಿಯ ಖರ್ಚು

ಒಂದು ಹಾಳೆ ತೆಗೆದುಕೊಂಡು, ಬಳಸುವ ಪ್ರತಿಯೊಂದು ವಸ್ತುವಿನ ವಾಟ್ ಅನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿ ಬರೆಯಿರಿ. ಬರುವ ಉತ್ತರ ವಾಟ್-ಅವರ್. ನನ್ನ ಹಾಳೆ ಹೀಗಿದೆ: 3 ವಾಟಿನ ಎಲ್‌ಇಡಿ ದೀಪ 4 ಗಂಟೆಗೆ 12, 4 ವಾಟಿನ ಫ್ಯಾನ್ 7 ಗಂಟೆಗೆ 28, ಎರಡು ಫೋನುಗಳು, ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ, 50, ಹೆಲ್ಮೆಟ್ಟಿನ ಇಂಟರ್‌ಕಾಮ್ ಮತ್ತು ಕ್ಯಾಮೆರಾ ಎರಡಕ್ಕೂ 15, ಹಾಸಿಗೆಗೆ ಗಾಳಿ ತುಂಬುವ 60 ವಾಟಿನ ಪಂಪ್ ಐದು ನಿಮಿಷಕ್ಕೆ 5. ಒಟ್ಟು 110 ವಾಟ್-ಅವರ್. ಫ್ಯಾನಿನ 4 ವಾಟ್ ನೋಡಿದರೆ ಅಲ್ಪವೆನಿಸುತ್ತದೆ, ಆದರೆ ಅದು ರಾತ್ರಿಯಿಡೀ ತಿರುಗುತ್ತದೆ. ಈ ಲೆಕ್ಕದಲ್ಲಿ ವಾಟಿಗಿಂತ ಗಂಟೆಯೇ ಹೆಚ್ಚು ಏಟು ಕೊಡುತ್ತದೆ ಎಂಬುದನ್ನು ನೆನಪಿಡಬೇಕು.

ಇನ್ವರ್ಟರ್ ಇಟ್ಟುಕೊಳ್ಳಬೇಡಿ ಎಂದೇ ಹೇಳುತ್ತೇನೆ. 12 ವೋಲ್ಟನ್ನು ಮನೆಯ ವಿದ್ಯುತ್ತಿನ ಮಟ್ಟಕ್ಕೆ ಏರಿಸಿ, ಚಾರ್ಜರಿನಲ್ಲಿ ಮತ್ತೆ 5 ಅಥವಾ 20 ವೋಲ್ಟಿಗೆ ಇಳಿಸುವುದರಲ್ಲಿ ಎರಡು ಸಲ ನಷ್ಟವಾಗುತ್ತದೆ. ಏನನ್ನೂ ಜೋಡಿಸದೆ ಸುಮ್ಮನೆ ಆನ್ ಆಗಿದ್ದರೂ ಅದು ತನ್ನ ಪಾಲನ್ನು ಹೀರುತ್ತಲೇ ಇರುತ್ತದೆ. ಫೋನು, ಲ್ಯಾಪ್‌ಟಾಪ್ ಎರಡಕ್ಕೂ 12 ವೋಲ್ಟಿನಿಂದ ನೇರವಾಗಿ ನಡೆಯುವ ಯುಎಸ್‌ಬಿ ಸಾಕೆಟ್‌ಗಳು ಸಿಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ಅಂದಾಜಿನ ಲೆಕ್ಕ ಸಲ್ಲದು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಸಿಪ್ಯಾಪ್ ಯಂತ್ರ ಬಳಸುವವರು, ಅದನ್ನು ಮನೆಯಲ್ಲೇ ಒಂದು ಪೂರ್ತಿ ರಾತ್ರಿ 12 ವೋಲ್ಟಿನ ಅಡಾಪ್ಟರಿನಲ್ಲಿ ನಡೆಸಿ, ಎಷ್ಟು ಖರ್ಚಾಯಿತೆಂದು ಮೀಟರಿನಲ್ಲಿ ನೋಡಿಯೇ ಬ್ಯಾಟರಿ ಕೊಳ್ಳಬೇಕು. ಗಾಳಿಗೆ ತೇವ ಕೊಡುವ ಹೀಟರ್ ಆನ್ ಇದ್ದಾಗಿನ ಬಳಕೆಗೂ ಆರಿಸಿದಾಗಿನ ಬಳಕೆಗೂ ಅಜಗಜಾಂತರವಿದೆ. ಅದನ್ನು ಆರಿಸಬಹುದೇ ಎಂದು ವೈದ್ಯರನ್ನು ಕೇಳಿಕೊಳ್ಳುವುದೂ ಪ್ರಯಾಣದ ತಯಾರಿಯ ಭಾಗವೇ.

ಎರಡನೆಯ ಹಂತ: ಬ್ಯಾಟರಿಯ ಆಯ್ಕೆ

ನಮ್ಮೂರಿನ ಯುಪಿಎಸ್‌ಗಳಲ್ಲಿ ಕಾಣುವ 12 ವೋಲ್ಟ್, 7 ಎಎಚ್ ಸೀಸದ ಬ್ಯಾಟರಿ ಅಗ್ಗವಾಗಿ ಎಲ್ಲೆಡೆ ಸಿಗುತ್ತದೆ. ಎಎಚ್ ಅನ್ನು, ಅಂದರೆ ಆಂಪಿಯರ್-ಅವರ್ ಅನ್ನು, ವೋಲ್ಟಿನಿಂದ ಗುಣಿಸಿದರೆ ಅದರಲ್ಲಿರುವುದು 84 ವಾಟ್-ಅವರ್. ಸೀಸದ ಬ್ಯಾಟರಿಯನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುವುದರಿಂದ, ಲೆಕ್ಕಕ್ಕೆ ಸಿಗುವುದು 42 ಮಾತ್ರ. ದೀಪಕ್ಕೆ ಮತ್ತು ಒಂದು ಫೋನಿಗೆ ಅದು ಸಾಕು, 110ಕ್ಕೆ ಸಾಲದು. 20 ಎಎಚ್‌ನ ಎಜಿಎಂ ಬ್ಯಾಟರಿಯಲ್ಲಿ (ಸೋರದಂತೆ ಮುಚ್ಚಿದ ಸೀಸದ ಬ್ಯಾಟರಿಯ ಒಂದು ಬಗೆ) ಅರ್ಧವೆಂದರೆ 120 ವಾಟ್-ಅವರ್, ತೂಕ ಸುಮಾರು 6 ಕಿಲೋ. ಅಷ್ಟೇ ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು 2.5 ಕಿಲೋ ತೂಗುತ್ತದೆ, 12.8 ವೋಲ್ಟಿನ ಲೆಕ್ಕದಲ್ಲಿ ಅದರಲ್ಲಿ 256 ವಾಟ್-ಅವರ್ ಇದ್ದು, ನೂರಕ್ಕೆ ಎಂಬತ್ತರಷ್ಟು ಬಳಸಿದರೂ 205 ಸಿಗುತ್ತದೆ. ಒಂದು ದಿನ ಸವಾರಿಯಿಲ್ಲದೆ ಒಂದೇ ಕಡೆ ತಂಗಿದರೂ ಎರಡನೆಯ ರಾತ್ರಿ ಸ್ವಲ್ಪ ಕೈಬಿಗಿ ಹಿಡಿದು ಕಳೆಯಬಹುದು. ಬೈಕಿನವರಿಗೆ ಇದೇ ಸರಿಯಾದ ಆಯ್ಕೆ ಎಂದು ನಾನು ನಂಬಿದ್ದೇನೆ.

ಆದರೆ ಅದಕ್ಕೆ ಒಂದು ಕಟ್ಟುನಿಟ್ಟಾದ ಷರತ್ತಿದೆ. ಬ್ಯಾಟರಿಯ ಒಳಗಿನ ಉಷ್ಣತೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದಾಗ ಅದನ್ನು ಚಾರ್ಜ್ ಮಾಡಬಾರದು. ಮಾಡಿದರೆ ಲಿಥಿಯಂ ಲೋಹ ಒಳಗಿನ ಫಲಕದ ಮೇಲೆ ಪದರವಾಗಿ ಕೂತು, ಸರಿಪಡಿಸಲಾಗದ ಹಾನಿಯಾಗುತ್ತದೆ. ಪಾರ್ಕ್‌ವೇಯ ಮೌಂಟ್ ಪಿಸ್ಗಾ ಕ್ಯಾಂಪ್ ಜಾಗ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ವಸಂತದ ಆರಂಭದಲ್ಲಿಯೂ ಶರತ್ಕಾಲದ ಕೊನೆಯಲ್ಲಿಯೂ ಆ ಎತ್ತರದಲ್ಲಿ ಬೆಳಗಿನ ಜಾವ ನೀರು ಹೆಪ್ಪುಗಟ್ಟುವಷ್ಟು ಚಳಿಯಾಗುವುದುಂಟು. ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡಿದೊಡನೆ ಚಾರ್ಜಿಂಗ್ ಶುರುವಾಗುವುದರಿಂದ ಅಪಾಯ ಇರುವುದು ಆ ಹೊತ್ತಿನಲ್ಲೇ. ಚಳಿಯಲ್ಲಿ ಚಾರ್ಜಿಂಗನ್ನು ತಾನೇ ತಡೆಯುವ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಇದೆಯೇ ಎಂದು ಕೊಳ್ಳುವ ಮುನ್ನ ವಿವರಪಟ್ಟಿಯಲ್ಲಿ ಓದಿ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ರಾತ್ರಿ ಬ್ಯಾಟರಿಯನ್ನು ಮಲಗುವ ಜಾಗದ ಒಳಗೇ ಇಟ್ಟುಕೊಳ್ಳುವ ಏರ್ಪಾಡು ಮಾಡಿಕೊಳ್ಳಬೇಕು.

ಜಾಗದ ವಿಷಯ ಸರಳ. ಬ್ಯಾಟರಿ ಗಾಡಿಯ ತಳದಲ್ಲಿ, ಆಕ್ಸಲ್‌ಗಿಂತ ತುಸು ಮುಂದೆ, ಅಲ್ಲಾಡದಂತೆ ಪಟ್ಟಿ ಬಿಗಿದು ಕೂರಬೇಕು. ಗಾಡಿಯ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಕೊಂಡಿಯ ಮೇಲೆ ಬೀಳುವಂತಿದ್ದರೆ ಗಾಡಿ ಹಿಂದೆ ಓಲಾಡದೆ ಬರುತ್ತದೆ; ಬ್ಯಾಟರಿ ಕೂರಿಸಿದ ಮೇಲೆ ಆ ತೂಕವನ್ನು ಮತ್ತೊಮ್ಮೆ ತೂಗಿ ನೋಡಬೇಕು.

ಮೂರನೆಯ ಹಂತ: ಬೈಕಿನಲ್ಲಿ ಮಿಗತೆ ಎಷ್ಟಿದೆ

ಎಂಜಿನ್ ತಿರುಗುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಬೈಕಿನಲ್ಲಿ ಕಾರಿನದರಷ್ಟು ಉದಾರಿಯಲ್ಲ. ದೊಡ್ಡ ಪ್ರವಾಸಿ ಬೈಕಾದ ಬಿಎಂಡಬ್ಲ್ಯೂ ಆರ್ 1250 ಜಿಎಸ್‌ನ ಆಲ್ಟರ್ನೇಟರಿನ ಸಾಮರ್ಥ್ಯ 510 ವಾಟ್. ಅದೂ ಎಂಜಿನ್ ಸಾಕಷ್ಟು ವೇಗದಲ್ಲಿ ತಿರುಗುವಾಗ ಸಿಗುವ ಸಂಖ್ಯೆ. ಪೆಟ್ರೋಲ್ ಪಂಪ್, ಇಂಜೆಕ್ಟರ್, ಹೆಡ್‌ಲೈಟ್, ಕೂಲಿಂಗ್ ಫ್ಯಾನ್ ಎಲ್ಲವೂ ಇದರಲ್ಲೇ ನಡೆಯಬೇಕು. ಸವಾರ ಬಿಸಿ ಜಾಕೆಟ್ ತೊಟ್ಟರೆ ಇನ್ನೂ 75ರಿಂದ 100 ವಾಟ್ ಹೋಯಿತು. ಪಾರ್ಕ್‌ವೇಯಲ್ಲಿ ವೇಗದ ಮಿತಿ ಗಂಟೆಗೆ 45 ಮೈಲಿ, ಅಂದರೆ ಸುಮಾರು 72 ಕಿಲೋಮೀಟರ್. ಎಂಜಿನ್ ನಿಧಾನವಾಗಿ ತಿರುಗುವ ಇಂಥ ರಸ್ತೆಯಲ್ಲಿ ಮಿಗತೆ ಮತ್ತಷ್ಟು ಕಡಿಮೆ.

ಕಾಗದದ ಸಂಖ್ಯೆಗಿಂತ ಮಲ್ಟಿಮೀಟರನ್ನು ನಂಬುವುದು ಒಳ್ಳೆಯದು. ಬೈಕ್ ಸ್ಟಾರ್ಟ್ ಮಾಡಿ, ಸವಾರಿಯಲ್ಲಿ ನೀವು ಬಳಸುವುದನ್ನೆಲ್ಲ ಆನ್ ಮಾಡಿ, ಬೈಕಿನ ಬ್ಯಾಟರಿಯ ಎರಡು ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. ಸವಾರಿಯ ವೇಗದಷ್ಟು ಎಂಜಿನ್ ತಿರುಗಿಸಿದಾಗ 14ರ ಆಸುಪಾಸಿನಲ್ಲಿ ನಿಂತರೆ ಮಿಗತೆ ಇದೆ ಎಂದರ್ಥ. ಆಮೇಲೆ 55 ಅಥವಾ 60 ವಾಟಿನ ಹೆಡ್‌ಲೈಟ್ ಬಲ್ಬೊಂದನ್ನು ಫ್ಯೂಸ್ ಮೂಲಕ ಹೆಚ್ಚುವರಿ ಹೊರೆಯಾಗಿ ಜೋಡಿಸಿ ಮತ್ತೆ ನೋಡಿ. ಆಗಲೂ 13.5ಕ್ಕಿಂತ ಮೇಲಿದ್ದರೆ 5 ಆಂಪಿಯರಿನ ಚಾರ್ಜರನ್ನು ನೆಮ್ಮದಿಯಿಂದ ಹಾಕಬಹುದು. 13ಕ್ಕೆ ಜಾರಿದರೆ ಕ್ಯಾಂಪರಿನ ಬ್ಯಾಟರಿ ತುಂಬುವ ಭರದಲ್ಲಿ ಬೈಕಿನದೇ ಖಾಲಿಯಾಗುತ್ತದೆ. ಅಂಥ ಬೈಕಿನವರು ಮುಂದೆ ಹೇಳುವ ಸೋಲಾರ್ ಭಾಗವನ್ನು ಮುಖ್ಯ ದಾರಿಯಾಗಿ ಹಿಡಿಯಬೇಕು.

ನಾಲ್ಕನೆಯ ಹಂತ: ಬೈಕಿನಿಂದ ಗಾಡಿಗೆ ವೈರ್

ಇಡೀ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ನಾನೂ ಇಲ್ಲೇ ಎಡವಿದೆ. ಮೊದಲ ವರ್ಷ ದೀಪಗಳ ಕನೆಕ್ಟರಿನಲ್ಲಿ ಖಾಲಿಯಿದ್ದ ಒಂದು ಪಿನ್ನಿಗೆ ಸಣ್ಣ ವೈರ್ ಸೇರಿಸಿ, ದೀಪಗಳಿಗೂ ಚಾರ್ಜಿಂಗಿಗೂ ಒಂದೇ ನೆಗೆಟಿವ್ ವೈರ್ ಇಟ್ಟುಕೊಂಡು, ಎಜಿಎಂ ಬ್ಯಾಟರಿಯನ್ನು ಬೈಕಿನ ಬ್ಯಾಟರಿಗೆ ರಿಲೇ (ವಿದ್ಯುತ್ತಿನಿಂದಲೇ ಕೂಡಿ ಬಿಡುವ ಸ್ವಿಚ್) ಮೂಲಕ ನೇರ ಜೋಡಿಸಿದ್ದೆ. ದಿನಕ್ಕೆ ನಾಲ್ಕೈದು ಗಂಟೆ ಓಡಿದರೂ ಮೂರನೆಯ ರಾತ್ರಿ ದೀಪ ಮಂಕಾಯಿತು. ಬೆಳಿಗ್ಗೆ ಎಂಜಿನ್ ನಡೆಸಿ ಅಳೆದಾಗ ಬೈಕಿನ ಬ್ಯಾಟರಿಯಲ್ಲಿ 14.2 ವೋಲ್ಟ್, ಗಾಡಿಯ ಬ್ಯಾಟರಿಯಲ್ಲಿ 12.9. ದಾರಿಯಲ್ಲೇ 1.3 ವೋಲ್ಟ್ ಸೋರಿಹೋಗುತ್ತಿತ್ತು. ಎಜಿಎಂ ಬ್ಯಾಟರಿ ಪೂರ್ತಿ ತುಂಬಲು 14.4ರ ಹತ್ತಿರ ಬೇಕು, 12.9ರಲ್ಲಿ ಅದು ಎಷ್ಟು ಗಂಟೆ ಕೂತರೂ ಅರೆಹೊಟ್ಟೆಯಲ್ಲೇ ಇರುತ್ತದೆ.

ಸೋರಿಕೆಯ ಲೆಕ್ಕ ಕಷ್ಟವಲ್ಲ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನ ರೋಧ 0.0175 ಓಮ್. ಬೈಕಿನ ಬ್ಯಾಟರಿಯಿಂದ ಗಾಡಿಯ ಬ್ಯಾಟರಿಗೆ 4 ಮೀಟರ್ ಎಂದುಕೊಂಡರೆ ಹೋಗಿ ಬರುವ ದಾರಿ 8 ಮೀಟರ್. ಅಮೆರಿಕದ ಅಂಗಡಿಗಳಲ್ಲಿ 16 ಗೇಜ್ ಎಂದು ಮಾರುವ ವೈರಿನ ದಪ್ಪ 1.3 ಚದರ ಮಿಲಿಮೀಟರ್. ಅದರಲ್ಲಿ 6 ಆಂಪಿಯರ್ ಹರಿಸಿದರೆ 0.65 ವೋಲ್ಟ್ ಕಳೆಯುತ್ತದೆ. 12 ಗೇಜ್ ವೈರ್ 3.3 ಚದರ ಮಿಲಿಮೀಟರ್ ಇದ್ದು, ಅಷ್ಟೇ ಆಂಪಿಯರಿಗೆ ಕಳೆಯುವುದು 0.25 ವೋಲ್ಟ್. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. 12 ಗೇಜನ್ನೇ ತನ್ನಿ; ಕಂಪನಕ್ಕೆ ತುಂಡಾಗದಂತೆ, ಹಲವು ಸಣ್ಣ ಎಳೆಗಳಿರುವ ವೈರೇ ಆಗಿರಲಿ. ನೆಗೆಟಿವ್‌ಗೂ ಅದೇ ದಪ್ಪದ ಪ್ರತ್ಯೇಕ ವೈರ್ ಎಳೆಯಬೇಕು. ಗಾಡಿಯ ಕೊಂಡಿ ಮತ್ತು ಚಾಸಿಯ ಮೂಲಕ ನೆಗೆಟಿವ್ ಹರಿದೀತು ಎಂದು ಬಿಡಬಾರದು, ಏಕೆಂದರೆ ಕೊಂಡಿಯ ಗುಂಡು ಗ್ರೀಸ್ ಮೆತ್ತಿಕೊಂಡಿರುತ್ತದೆ, ಓಡುವಾಗ ಅಲುಗಾಡುತ್ತದೆ, ಮಳೆಗೆ ತುಕ್ಕು ಹಿಡಿಯುತ್ತದೆ.

ಜೋಡಿಸುವ ಕ್ರಮ ಇದು. ಬೈಕಿನ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ 10 ಆಂಪಿಯರಿನ ಫ್ಯೂಸ್ ಕೂರಿಸಿ. ಫ್ಯೂಸ್ ಇರುವುದು ಉಪಕರಣದ ರಕ್ಷಣೆಗಲ್ಲ, ವೈರಿನ ರಕ್ಷಣೆಗೆ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತುಂಡು ಎಲ್ಲಾದರೂ ಚಾಸಿಗೆ ಉಜ್ಜಿ ಸವೆದರೆ ಅಲ್ಲಿ ಬೆಂಕಿಗೆ ತಡೆಯೇ ಇರುವುದಿಲ್ಲ, ಆದ್ದರಿಂದ ಆ ತುಂಡು ಆದಷ್ಟು ಗಿಡ್ಡವಿರಬೇಕು. ಫ್ಯೂಸಿನ ನಂತರ 30 ಆಂಪಿಯರಿನ ಸಾಮಾನ್ಯ ಕಾರ್ ರಿಲೇಯ 30ನೇ ಸಂಖ್ಯೆಯ ಕಾಲಿಗೆ ವೈರ್ ಬರಲಿ. 87ರಿಂದ ಹೊರಟದ್ದು ಹಿಂದಿನ ಕನೆಕ್ಟರಿಗೆ ಹೋಗಲಿ. 85 ನೆಗೆಟಿವ್‌ಗೆ, 86 ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಒಂದು ವೈರಿಗೆ. ಕೀಲಿ ತೆಗೆದೊಡನೆ ಎರಡು ಬ್ಯಾಟರಿಗಳ ಸಂಬಂಧ ಕಡಿಯುತ್ತದೆ. ರಾತ್ರಿ ಏನೇ ಬಳಸಿದರೂ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗುತ್ತದೆ ಎಂಬ ಭರವಸೆ ಈ ಒಂದು ರಿಲೇಯಿಂದ ಬರುತ್ತದೆ. ಹೊಸ ಬೈಕುಗಳಲ್ಲಿ ಕ್ಯಾನ್ ಬಸ್ ಎಂಬ ಎಲೆಕ್ಟ್ರಾನಿಕ್ ಜಾಲವಿದ್ದು, ಹಿಂದಿನ ದೀಪದ ವೈರನ್ನು ಕೊಯ್ದು ಸೇರಿಸಿದರೆ ಅದು ದೋಷವೆಂದು ತಿಳಿದು ದೀಪವನ್ನೇ ಆರಿಸಿಬಿಡಬಹುದು. ಅಂಥ ಬೈಕಿನಲ್ಲಿ ತಯಾರಕರೇ ಕೊಟ್ಟಿರುವ ಉಪಸಾಧನಗಳ ಸಾಕೆಟಿನಿಂದ ರಿಲೇಯ ಸುರುಳಿಗೆ ಮಾತ್ರ ವಿದ್ಯುತ್ ತೆಗೆದುಕೊಳ್ಳಿ.

ವೋಲ್ಟೇಜ್ ಏರಿದಾಗ ತಾನೇ ಕೂಡುವ, ಇಳಿದಾಗ ತಾನೇ ಬಿಡುವ ರಿಲೇಗಳೂ ಸಿಗುತ್ತವೆ. ಬೈಕಿನ ಸ್ಟಾರ್ಟಿಂಗ್ ಬ್ಯಾಟರಿ ಸೀಸದ್ದಾಗಿದ್ದರೆ ಅವು ಚೆನ್ನಾಗಿಯೇ ನಡೆಯುತ್ತವೆ. ಅದನ್ನು ಲಿಥಿಯಂಗೆ ಬದಲಿಸಿಕೊಂಡಿರುವವರು ಅವನ್ನು ಬಳಸಬಾರದು: ಲಿಥಿಯಂ ಬ್ಯಾಟರಿ ಎಂಜಿನ್ ನಿಂತಾಗಲೂ 13.3 ವೋಲ್ಟಿನಲ್ಲಿ ಇರುವುದರಿಂದ ರಿಲೇ ಬಿಡುವುದೇ ಇಲ್ಲ.

ಹಿಂದಿನ ಕನೆಕ್ಟರ್ ದೀಪಗಳ ಕನೆಕ್ಟರಿನಿಂದ ಬೇರೆಯಾಗಿರಬೇಕು. ಅಮೆರಿಕದ ಸಣ್ಣ ಟ್ರೇಲರುಗಳ ನಾಲ್ಕು ವೈರಿನ ಚಪ್ಪಟೆ ಕನೆಕ್ಟರಿನಲ್ಲಿ ಬಿಳಿ ನೆಗೆಟಿವ್, ಕಂದು ಹಿಂದಿನ ದೀಪ, ಹಳದಿ ಎಡ, ಹಸಿರು ಬಲ. ಚಾರ್ಜಿಂಗಿಗೆ ಅಲ್ಲಿ ಜಾಗವೇ ಇಲ್ಲ. ಆಂಡರ್ಸನ್ ಪವರ್‌ಪೋಲ್ ಮಾದರಿಯ ಎರಡು ಪಿನ್ನಿನ ಕನೆಕ್ಟರ್ ಹಾಕಿ, ಗಾಡಿ ಬಿಚ್ಚಿಟ್ಟಾಗ ಬೈಕಿನ ಕಡೆಯದಕ್ಕೆ ರಬ್ಬರ್ ಮುಚ್ಚಳ ತೊಡಿಸಿ. ಬ್ಯಾಟರಿ ಚಾರ್ಜರುಗಳೊಡನೆ ಬರುವ ಎಸ್‌ಎಇ ಕನೆಕ್ಟರ್ ಬಳಸುವುದಾದರೆ, ವಿದ್ಯುತ್ ಬರುವ ಬೈಕಿನ ಕಡೆಯಲ್ಲಿ ಮುಚ್ಚಿದ ಪಿನ್ ಪಾಸಿಟಿವ್ ಆಗಿರುವುದು ರೂಢಿ. ಸೋಲಾರ್ ಪ್ಯಾನೆಲ್ಲುಗಳಲ್ಲಿ ಇದು ಎಷ್ಟೋ ಸಲ ತಿರುಗುಮುರುಗಾಗಿರುತ್ತದೆ, ಆದ್ದರಿಂದ ಮೀಟರ್ ಹಿಡಿದು ನೋಡದೆ ಎರಡು ಎಸ್‌ಎಇ ತುದಿಗಳನ್ನು ಸೇರಿಸಬೇಡಿ.

ಐದನೆಯ ಹಂತ: ಗಾಡಿಯೊಳಗಿನ ಚಾರ್ಜರ್

ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರಿಗೆ ನೇರ ಜೋಡಿಸಬೇಡಿ. ಅದರ ಒಳರೋಧ ಬಹಳ ಕಡಿಮೆಯಾದ್ದರಿಂದ, ಖಾಲಿಯಾಗಿರುವಾಗ ವೈರ್ ಎಷ್ಟು ಬಿಟ್ಟುಕೊಟ್ಟರೆ ಅಷ್ಟನ್ನೂ ಎಳೆದುಕೊಳ್ಳುತ್ತದೆ. ಒಂದೋ ಫ್ಯೂಸ್ ಹಾರುತ್ತದೆ, ಇಲ್ಲವೇ ಬೈಕಿನ ಸ್ಟೇಟರ್, ಅಂದರೆ ಆಲ್ಟರ್ನೇಟರಿನ ಸುರುಳಿ, ಬಿಸಿಯಾಗುತ್ತದೆ. ಆಲ್ಟರ್ನೇಟರಿಗೂ ಬ್ಯಾಟರಿಗೂ ನಡುವೆ ಡಿಸಿ-ಡಿಸಿ ಚಾರ್ಜರ್ ಇರಬೇಕು. ಬಂದ ವೋಲ್ಟೇಜ್ 13 ಇರಲಿ 14 ಇರಲಿ, ಅದನ್ನು ಬ್ಯಾಟರಿಗೆ ಬೇಕಾದ ಮಟ್ಟಕ್ಕೆ ಏರಿಸಿ, ಆಂಪಿಯರನ್ನು ಮಿತಿಯಲ್ಲಿಟ್ಟು, ತುಂಬಿದೊಡನೆ ತಾನೇ ಇಳಿಸುವುದು ಅದರ ಕೆಲಸ. ವೈರಿನಲ್ಲಿ ಅರ್ಧ ವೋಲ್ಟ್ ಸೋರಿದರೂ ಅದು ಭರ್ತಿ ಮಾಡಿಕೊಡುವುದರಿಂದ ಎಜಿಎಂ ಬ್ಯಾಟರಿಗೂ ನಾನು ಇದನ್ನೇ ಸೂಚಿಸುತ್ತೇನೆ. ಇದನ್ನು ಗಾಡಿಯೊಳಗೆ, ಬ್ಯಾಟರಿಯ ಪಕ್ಕದಲ್ಲೇ, ಗಾಳಿಯಾಡುವಂತೆ ಕೂರಿಸಬೇಕು. ಬೈಕಿನಲ್ಲಿ ಕೂರಿಸಿದರೆ ಅದು ಏರಿಸಿದ ವೋಲ್ಟೇಜೇ ಮತ್ತೆ ದಾರಿಯಲ್ಲಿ ಸೋರುತ್ತದೆ.

5 ಆಂಪಿಯರಿನದು ಸಾಕು. ರಾತ್ರಿ ಖರ್ಚಾದ 110 ವಾಟ್-ಅವರ್ ಎಂದರೆ 12.8 ವೋಲ್ಟಿನಲ್ಲಿ ಸುಮಾರು 8.6 ಎಎಚ್, ನಷ್ಟ ಸೇರಿಸಿ 10 ಎಂದುಕೊಂಡರೂ ಎರಡು ಗಂಟೆಯ ಸವಾರಿಯಲ್ಲಿ ತುಂಬುತ್ತದೆ. ಪಾರ್ಕ್‌ವೇಯಲ್ಲಿ 200 ಕಿಲೋಮೀಟರ್ ಹೋಗಲು ಮೂರು ಗಂಟೆಗೂ ಹೆಚ್ಚು ಬೇಕು, ಹೀಗಾಗಿ ಲೆಕ್ಕ ಸರಾಗವಾಗಿ ಕೂರುತ್ತದೆ. ಅಷ್ಟಕ್ಕೆ ಬೈಕಿನಿಂದ ಹೋಗುವುದು 80 ವಾಟ್ ಮಾತ್ರ. ಮಾರಾಟಗಾರರು ತೋರಿಸುವ 20 ಆಂಪಿಯರಿನ ಚಾರ್ಜರ್ ಕಾರುಗಳಿಗೆ ಸೇರಿದ್ದು, ಬೈಕಿಗೆ ಅದು ಹೊರೆ.

ಚಾರ್ಜರಿನಲ್ಲಿ ಬ್ಯಾಟರಿಯ ಬಗೆಯನ್ನು ಸರಿಯಾಗಿ ಆರಿಸುವುದನ್ನು ಮರೆಯಬಾರದು. ಲಿಥಿಯಂ ಐರನ್ ಫಾಸ್ಫೇಟಿಗೆ 14.4ರಿಂದ 14.6 ವೋಲ್ಟ್. ಸೀಸದ ಬ್ಯಾಟರಿಗಳ ಪುನಶ್ಚೇತನಕ್ಕೆಂದು ವೋಲ್ಟೇಜನ್ನು 15ರ ಮೇಲಕ್ಕೆ ಏರಿಸುವ ವಿಧಾನ ಕೆಲವು ಚಾರ್ಜರುಗಳಲ್ಲಿರುತ್ತದೆ. ಲಿಥಿಯಂಗೆ ಅದನ್ನು ಎಂದಿಗೂ ಬಳಸಬೇಡಿ, ಮನೆಯ ಗೋಡೆಯ ಪ್ಲಗ್ಗಿನಿಂದ ಚಾರ್ಜ್ ಮಾಡುವಾಗಲೂ.

ಗಾಡಿಯ ಬ್ಯಾಟರಿಯೂ ವಿದ್ಯುತ್ತಿನ ಮೂಲವೇ ಆದ್ದರಿಂದ ಚಾರ್ಜರಿನಿಂದ ಬರುವ ವೈರಿಗೆ ಈ ಬ್ಯಾಟರಿಯ ಹತ್ತಿರವೂ ಒಂದು 10 ಆಂಪಿಯರಿನ ಫ್ಯೂಸ್ ಬೇಕು. ದೀಪ, ಫ್ಯಾನ್, ಯುಎಸ್‌ಬಿಗಳಿಗೆ ಹೋಗುವ ಮುಖ್ಯ ವೈರಿಗೆ 15 ಆಂಪಿಯರಿನದು, ಅಲ್ಲಿಂದ ಕವಲೊಡೆಯುವ ಒಂದೊಂದಕ್ಕೂ ಅದರದರ ಸಣ್ಣ ಫ್ಯೂಸ್. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ತುಂಬಿದಾಗಿನಿಂದ ಬಹುಪಾಲು ಖಾಲಿಯಾಗುವವರೆಗೆ 13ರ ಹತ್ತಿರವೇ ಇರುವುದರಿಂದ, ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದಾಗದು. ಒಳಹೋದದ್ದನ್ನೂ ಹೊರಬಂದದ್ದನ್ನೂ ಎಣಿಸುವ, ಶಂಟ್ (ಹರಿವನ್ನು ಅಳೆಯಲು ಬಳಸುವ ಸಣ್ಣ ರೋಧ) ಇರುವ ಸಣ್ಣ ಮೀಟರೊಂದನ್ನು ನೆಗೆಟಿವ್ ವೈರಿನಲ್ಲಿ ಸೇರಿಸಿದರೆ ಮೊದಲ ಹಂತದಲ್ಲಿ ಬರೆದ ಹಾಳೆ ನಿಜವೋ ಅಲ್ಲವೋ ಎಂದು ಎರಡೇ ರಾತ್ರಿಯಲ್ಲಿ ತಿಳಿಯುತ್ತದೆ.

ಸೋಲಾರ್, ಸವಾರಿಯಿಲ್ಲದ ದಿನಗಳಿಗೆ

25 ವಾಟಿನ ಪ್ಯಾನೆಲ್ ಪೂರ್ತಿ ಬಿಸಿಲಿನಲ್ಲಿ ದಿನಕ್ಕೆ 70 ವಾಟ್-ಅವರ್ ಕೊಟ್ಟರೆ ಅದೇ ಹೆಚ್ಚು. ಬ್ಲೂ ರಿಜ್‌ನಲ್ಲಿ ಅಷ್ಟೂ ಸಿಗುವುದಿಲ್ಲ, ಏಕೆಂದರೆ ಅಲ್ಲಿಯ ಕ್ಯಾಂಪ್ ಜಾಗಗಳು ಹೆಚ್ಚಾಗಿ ಕಾಡಿನ ನೆರಳಿನಲ್ಲಿವೆ, ಮತ್ತು ಪ್ಯಾನೆಲ್ಲಿನ ಒಂದು ಮೂಲೆಯ ಮೇಲೆ ಎಲೆಯ ನೆರಳು ಬಿದ್ದರೂ ಉತ್ಪಾದನೆ ಆ ಮೂಲೆಯ ಅಳತೆಗಿಂತ ಎಷ್ಟೋ ಹೆಚ್ಚು ಕುಸಿಯುತ್ತದೆ. ಆದ್ದರಿಂದ ಪ್ಯಾನೆಲ್ಲನ್ನು ಮುಚ್ಚಳಕ್ಕೆ ಅಂಟಿಸುವ ಬದಲು, ಮಡಚುವಂಥದ್ದನ್ನು ಐದಾರು ಮೀಟರ್ ವೈರಿನೊಡನೆ ಇಟ್ಟುಕೊಂಡು, ಗಾಡಿ ನೆರಳಿನಲ್ಲಿದ್ದಾಗಲೂ ಪ್ಯಾನೆಲ್ ಬಿಸಿಲಿಗೆ ಹಿಡಿಯುವಂತೆ ಮಾಡುವುದು ಉತ್ತಮ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ, ಚಾರ್ಜಿಂಗನ್ನು ಮಿತಿಯಲ್ಲಿಡುವ ಚಾರ್ಜ್ ಕಂಟ್ರೋಲರ್ ಕಡ್ಡಾಯ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್.

ಹೊರಡುವ ಮುನ್ನ, ಮರಳಿದ ಮೇಲೆ

ಎಲ್ಲ ಜೋಡಿಸಿದ ಮೇಲೆ ಮನೆಯ ಮುಂದೆಯೇ ಗಾಡಿ ಬಿಚ್ಚಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎರಡು ಗಂಟೆ ಸವಾರಿ ಮಾಡಿ ಬನ್ನಿ. ಮರಳಿದೊಡನೆ, ಎಂಜಿನ್ ಇನ್ನೂ ನಡೆಯುತ್ತಿರುವಾಗ, ಮೂರು ಕಡೆ ಅಳೆಯಿರಿ: ಬೈಕಿನ ಬ್ಯಾಟರಿ, ಚಾರ್ಜರಿಗೆ ಬರುವ ವೈರ್, ಗಾಡಿಯ ಬ್ಯಾಟರಿ. ಚಾರ್ಜರ್ ಪೂರ್ತಿ ಕೆಲಸದಲ್ಲಿರುವಾಗಲೂ ಮೊದಲೆರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ಯಾವುದೋ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಕೈಯಿಟ್ಟು ನೋಡಿದರೆ ಬಿಸಿಯಾಗಿರುವುದೇ ಅದು. ಗಾಡಿಯನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ವೈರ್ ಎಲ್ಲಿಯೂ ಬಿಗಿಯಾಗದೆ, ರಸ್ತೆಗೂ ತಾಗದೆ ಇರುವುದನ್ನು ನೋಡಿ. ಮಳೆಯಲ್ಲಿ ಓಡಿದ ದಿನ ಕನೆಕ್ಟರ್ ಬಿಚ್ಚಿ ಒರೆಸಿ.

ಚಳಿಗಾಲಕ್ಕೆ ಗಾಡಿ ಮುಚ್ಚಿಡುವಾಗ ಎಜಿಎಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ನಿಗಾ ವಹಿಸುವ ಸಣ್ಣ ಚಾರ್ಜರಿನಲ್ಲಿ ಬಿಡಬೇಕು. ಅರ್ಧ ಖಾಲಿಯಾಗಿ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಲಿಥಿಯಂನದು ಇದಕ್ಕೆ ವಿರುದ್ಧ. ಅದನ್ನು ಅರ್ಧದಷ್ಟು ತುಂಬಿದ ಸ್ಥಿತಿಯಲ್ಲಿ, ಎರಡೂ ವೈರುಗಳನ್ನು ಕಳಚಿ, ಮನೆಯೊಳಗೆ ತಂಪಾದ ಒಣ ಜಾಗದಲ್ಲಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಅಳೆದು ನೋಡಿದರೆ ಸಾಕು.